ಪದ್ಯ, ಗದ್ಯ ಮತ್ತು ಅಂತಸ್ತು: ಎಲಿಜಬೆತ್ ಯುಗದ ನಾಟಕಭಾಷೆಯ ಒಂದು ಸಮೀಕರಣದ ವಿಮರ್ಶೆ

ಎಲಿಜಬೆತ್ ಯುಗದ ನಾಟಕಗಳಲ್ಲಿ ಕುಲೀನರು ಪದ್ಯದಲ್ಲಿಯೂ ಸೇವಕರು, ವಿದೂಷಕರು ಗದ್ಯದಲ್ಲಿಯೂ ಮಾತನಾಡುತ್ತಾರೆಂಬ ಸೂತ್ರ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ. ಸಂಸ್ಕೃತ ನಾಟಕಗಳಲ್ಲಿ ಪಾತ್ರಾನುಸಾರವಾಗಿ ಸಂಸ್ಕೃತ, ಪ್ರಾಕೃತಗಳು ಹಂಚಿಕೆಯಾಗಿರುವುದನ್ನು ಬಲ್ಲ ನಮಗೆ ಈ ಸೂತ್ರ ಸಹಜವೆನಿಸುತ್ತದೆ. ಆ ಕಾರಣಕ್ಕೇ ಅದನ್ನು ಪರೀಕ್ಷಿಸಬೇಕು. ಆಯಾ ನಾಟಕ ತನಗೆ ರೂಢಿಸಿಕೊಂಡ ಮಾಧ್ಯಮದಿಂದ ಮಾತು ಪಲ್ಲಟಗೊಳ್ಳುವ ಸ್ಥಾನದಲ್ಲಿಯೇ ಸಾಮಾಜಿಕ ಅರ್ಥ ಹುಟ್ಟುತ್ತದೆಂಬುದು ನಮ್ಮ ವಾದ.

ಪ್ರತಿನಿದರ್ಶನಗಳು ದೂರವಿಲ್ಲ. 1584ರಲ್ಲಿ ಮುದ್ರಿತವಾದ ಜಾನ್ ಲಿಲಿಯ 'ಕಂಪಾಸ್ಪೆ'ಯಲ್ಲಿ ಚಕ್ರವರ್ತಿ ಅಲೆಕ್ಸಾಂಡರನ ಮಾತೆಲ್ಲ ಗದ್ಯ. ಮಾರ್ಲೊನ ಟ್ಯಾಂಬರ್ಲೇನ್ ಹುಟ್ಟಿನಿಂದ ಕುರಿಗಾಹಿ. ಅವನ ಪ್ರಾಸರಹಿತ ಪದ್ಯದ ಮುಂದೆ ಪರ್ಷಿಯದ ದೊರೆಯ ಪದ್ಯ ಸಪ್ಪೆಯಾಗುತ್ತದೆ. ಷೇಕ್ಸ್‌ಪಿಯರನ 'ಎರಡನೆಯ ರಿಚರ್ಡ್' ಪೂರ್ತಿ ಪದ್ಯದಲ್ಲಿದೆ, ತೋಟಗಾರನೂ ಪದ್ಯವನ್ನೇ ಆಡುತ್ತಾನೆ. ವೈದೃಶ್ಯವೇ ಇಲ್ಲದೆಡೆ ಪದ್ಯ ಯಾರ ಅಂತಸ್ತನ್ನೂ ಗುರುತಿಸಲಾರದು.

'ನಾಲ್ಕನೆಯ ಹೆನ್ರಿ'ಯ ಮೊದಲ ಭಾಗ (ಮುದ್ರಣ 1598) ಹೆಚ್ಚು ಫಲವತ್ತಾದ ನಿದರ್ಶನ. ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ ರಾಜಕುಮಾರ ಹ್ಯಾಲ್ ಫಾಲ್‌ಸ್ಟಾಫನೊಡನೆ ಗದ್ಯದಲ್ಲಿ ಹರಟುತ್ತಾನೆ; ಒಬ್ಬನೇ ಉಳಿದೊಡನೆ ಪದ್ಯಕ್ಕೆ ಹೊರಳುತ್ತಾನೆ. ಅಂತಸ್ತು ಬದಲಾಗಿಲ್ಲ, ಬದಲಾದುದು ಕೇಳುಗ. ಬ್ಲಾಮ್ ಮತ್ತು ಗಂಪರ್ಜ್ 1972ರಲ್ಲಿ ವಿವರಿಸಿದ ಸಾಂದರ್ಭಿಕ ಕೋಡ್ ಪಲ್ಲಟಕ್ಕೆ ಇದು ಸಮೀಪವಾದರೂ ಅಲ್ಲಿಗೇ ನಿಲ್ಲುವುದಿಲ್ಲ: ಹೆಂಡದಂಗಡಿಯ ಸಲುಗೆ ಎರವಲಿನದೆಂಬುದನ್ನು ಈ ಹೊರಳು ಪ್ರೇಕ್ಷಕರಿಗೆ ಮಾತ್ರ ಬಯಲುಮಾಡುತ್ತದೆ. ಮುಂದೆ ಫಾಲ್‌ಸ್ಟಾಫ್ ಅಣಕು ದೊರೆಯಾಗಿ ಕುಳಿತಾಗ ಆಡುವುದೂ ಗದ್ಯವನ್ನೇ. ಆದರೆ ಅದು ಲಿಲಿಯ 'ಯೂಫ್ಯೂಸ್' (1578) ಕೃತಿಯಿಂದ ಹೆಸರಾದ, ಸಮತೂಕದ ವಾಕ್ಯಖಂಡಗಳ ಅಲಂಕೃತ ಗದ್ಯದ ವಿಡಂಬನೆ. ಆಸ್ಥಾನಿಕರು ಮೆಚ್ಚಿದ್ದ ಶೈಲಿ ಎರಡು ದಶಕಗಳಲ್ಲಿ ಹೆಂಡದಂಗಡಿಯ ನಗೆಗೆ ಸರಕಾಯಿತು. ಗದ್ಯವೆಂಬ ಒಂದೇ ಹೆಸರಿನಡಿ ಇಷ್ಟು ಭಿನ್ನ ಪ್ರಭೇದಗಳನ್ನು ಸೇರಿಸಿ 'ಕೆಳ ಅಂತಸ್ತು' ಎಂದು ಬರೆದುಬಿಡುವುದು ವಿವರಣೆಯಲ್ಲ, ಸೋಮಾರಿತನ. 'ಜೂಲಿಯಸ್ ಸೀಸರ್'ನಲ್ಲಿ ಬ್ರೂಟಸ್ ಜನರೆದುರು ಗದ್ಯವನ್ನು, ಆಂಟನಿ ಪದ್ಯವನ್ನು ಆರಿಸಿಕೊಳ್ಳುವುದನ್ನಂತೂ ಈ ಸೂತ್ರ ಮುಟ್ಟಲಾರದು, ಇಬ್ಬರೂ ಕುಲೀನರೇ.

ಇನ್ನೂ ಮೂಲಭೂತವಾದ ತೊಡಕು ದತ್ತದಲ್ಲಿಯೇ ಇದೆ. 'ರೋಮಿಯೊ ಅಂಡ್ ಜೂಲಿಯೆಟ್'ನ 1597ರ ಕ್ವಾರ್ಟೊದಲ್ಲಿ ಮರ್ಕ್ಯುಶಿಯೊ ಮ್ಯಾಬ್ ರಾಣಿಯನ್ನು ವರ್ಣಿಸುವ ಮಾತು ಪದ್ಯವಾಗಿ ಅಚ್ಚಾಗಿದೆ. 1599ರ ಕ್ವಾರ್ಟೊದಲ್ಲಿ ಅದರ ಬಹುಭಾಗ ಗದ್ಯವಾಗಿದೆ. ಜೂಲಿಯೆಟಳ ದಾದಿ ಮೊದಲ ಅಂಕದಲ್ಲಿ ಆಡುವ ದೀರ್ಘ ಮಾತು ಹಳೆಯ ಮುದ್ರಣಗಳಲ್ಲಿ ಗದ್ಯ. ಅದನ್ನು ಪದ್ಯದ ಸಾಲುಗಳಾಗಿ ಒಡೆದವರು ನಂತರದ ಸಂಪಾದಕರು. ಆಧುನಿಕ ಆವೃತ್ತಿಯೊಂದರ ಸಾಲುವಿಂಗಡಣೆಯನ್ನು ನಂಬಿ ಪಾತ್ರವಾರು ಗದ್ಯ–ಪದ್ಯಗಳ ಪ್ರಮಾಣವನ್ನು ಎಣಿಸುವ ಸಂಶೋಧಕರು ಇಂತಹ ಕಡೆಗಳಲ್ಲಿ ಅಳೆಯುತ್ತಿರುವುದು ದಾದಿಯ ಅಂತಸ್ತನ್ನೋ ಸಂಪಾದಕರ ಕಿವಿಯನ್ನೋ ಎಂಬುದನ್ನು ಎಣಿಕೆಗೆ ಮೊದಲೇ ನಿರ್ಧರಿಸಿಕೊಳ್ಳಬೇಕಾಗುತ್ತದೆ.