ಚೀಟಿಯ ಮೇಲೊಂದು ಚೀಟಿ

ಮದುವೆ ಮನೆಗೆ ಹೋದರೆ ನನ್ನ ಕಣ್ಣು ಎಲೆಗಿಂತ ಮೊದಲು ಹೋಗುವುದು ತಲೆಯ ಮೇಲಕ್ಕೆ. ಶಾಮಿಯಾನದ ಬಟ್ಟೆ ಯಾವುದು, ತುಂಡುಗಳು ಎಲ್ಲಿ ಕೂಡಿವೆ, ಕೆಂಪು ಎಷ್ಟು ಬಿಸಿಲು ತಿಂದಿದೆ ಎಂದು ನೋಡಿ ಮುಗಿಸುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿರುತ್ತದೆ. ಹಳೆ ಬಟ್ಟೆಯ ಹುಚ್ಚು ಹಿಡಿದವರ ಪಾಡೇ ಇದು. ಕಳೆದ ತಿಂಗಳು ಬಾಗೂರಿನಲ್ಲಿ ಒಂದು ನಾಮಕರಣ. ಶಾಮಿಯಾನದ ಅಂಚಿಗೆಲ್ಲ ಕಪ್ಪು ಬಣ್ಣದಲ್ಲಿ ಅಂಗಡಿಯ ಹೆಸರು. ‘ಅಷ್ಟು ದಪ್ಪಕ್ಕೆ ಯಾಕಪ್ಪ ಬರೆಸಿದ್ದೀಯ?’ ಅಂದೆ. ಹಗ್ಗ ಬಿಚ್ಚುತ್ತಿದ್ದ ಹುಡುಗ, ‘ಇಲ್ದಿದ್ರೆ ಬೇರೆಯೋರ ಸಾಮಾನಿನ ಜೊತೆ ಸೇರ್ಕೊಂಡು ಹೊರಟೋಗುತ್ತೆ ಸಾರ್’ ಅಂದ.

ಹಾಗೆ ಬೇರೆಯವರ ಸಾಮಾನಿನ ಜೊತೆ ಸೇರಿಕೊಂಡು ಹೊರಟೇ ಹೋದ ಡೇರೆಯೊಂದಿದೆ. ನಮ್ಮೂರಿಂದ ಚನ್ನರಾಯಪಟ್ಟಣ, ಕೆ.ಆರ್. ಪೇಟೆ ದಾಟಿ ಸಾಗಿದರೆ ಸಿಗುವ ಶ್ರೀರಂಗಪಟ್ಟಣದಲ್ಲಿ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ. ಗೆದ್ದ ಬ್ರಿಟಿಷರು ಅವನ ಸಿಂಹಾಸನವನ್ನು ಒಡೆದು ಹಂಚಿದರು. ಅವನದೆನ್ನುವ ಡೇರೆ ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನಕ್ಕೆ ಸೇರಿತು. ಈಗ ಅದಿರುವುದು ವೇಲ್ಸ್ ದೇಶದ ವೆಲ್ಷ್‌ಪೂಲ್ ಎಂಬ ಪುಟ್ಟ ಪಟ್ಟಣದ ಮಗ್ಗುಲಿನ ಪೊವಿಸ್ ಕೋಟೆಯಲ್ಲಿ. ಕೆಂಪು ಕಲ್ಲಿನ ಆ ಕೋಟೆಯ ತೋಟದಲ್ಲಿ ಔತಣ ಏರ್ಪಟ್ಟಾಗ ಇದೇ ಡೇರೆಯನ್ನು ಹುಲ್ಲಿನ ಮೇಲೆ ಹಾಕುತ್ತಿದ್ದರು. ಮೈಸೂರಿನ ಸುಲ್ತಾನನ ಪಾಳೆಯದ ಡೇರೆ ಅಲ್ಲಿ ಶಾಮಿಯಾನವಾಯಿತು!

ನಾನು ಅದನ್ನು ನೋಡಿರುವುದು ಚಿತ್ರಗಳಲ್ಲಿ ಮಾತ್ರ. ಬಿಳಿ ಒಡಲಿನ ಹತ್ತಿಬಟ್ಟೆ; ಹೂದಾನಿಯಿಂದ ಎದ್ದುನಿಂತ ಕೆಂಪು ಹೂಗಳು, ಎಲೆಗಳು. ಇಂಥ ಹೂವಿನ ಬಟ್ಟೆಗೆ ನಮ್ಮಲ್ಲಿ ಹಿಂದೆ ಚೀಟಿ ಎನ್ನುತ್ತಿದ್ದರು. ನನ್ನಜ್ಜಿಯ ಟ್ರಂಕಿನಲ್ಲೂ ಒಂದು ಚೀಟಿ ರವಿಕೆಯಿತ್ತು. ‘ಒಗೆದಷ್ಟೂ ಹೊಳೆಯೋ ಬಟ್ಟೆ ಕಣೋ ಇದು’ ಎನ್ನುವಳು. ಅಜ್ಜಿಯ ಮಾತಿನ ಗುಟ್ಟು ತಿಳಿಯಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.

ಹತ್ತಿಗೆ ಬಣ್ಣ ತಾನಾಗಿ ಹಿಡಿಯುವುದಿಲ್ಲ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ಒಗರಿನಲ್ಲಿ ಅದ್ದಬೇಕು. ಕೆಂಪು ಬೇಕಾದ ಕಡೆ ಪಟಿಕದ ನೀರು. ಕಪ್ಪು ಗೆರೆ ಬೇಕಾದ ಕಡೆ ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ಕೊಳೆಸಿದ ರಸ. ಆಮೇಲೆ ಕೆಂಪು ಬೇರಿನ ಕಷಾಯದಲ್ಲಿ ಇಡೀ ಬಟ್ಟೆಯನ್ನು ಕುದಿಸಿದರೆ, ಪಟಿಕ ತಾಗಿದಲ್ಲಿ ಮಾತ್ರ ಕೆಂಪು ಕಚ್ಚಿಕೊಳ್ಳುತ್ತದೆ. ಉಳಿದ ಕಡೆಯ ಕಲೆಯನ್ನು ಸಗಣಿನೀರು, ಹೊಳೆನೀರು, ಬಿಸಿಲು ಮೂರೂ ಸೇರಿ ತೆಗೆಯುತ್ತವೆ. ನೀಲಿಯದು ಬೇರೆಯೇ ಕಥೆ. ಬೇಡದ ಕಡೆಯೆಲ್ಲ ಮೇಣ ಬಳಿದು ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಮುಳುಗಿಸಬೇಕು. ಹಸಿರು ಎಂಬ ಬಣ್ಣವೇ ಬಣ್ಣಗಾರರಲ್ಲಿರಲಿಲ್ಲ. ನೀಲಿಯ ಮೇಲೆ ಅರಿಸಿನ ಬಣ್ಣ ಬಳಿದರೆ ಅದೇ ಹಸಿರು. ಹಳದಿ ಬೇಗ ಹಾರಿಹೋಗುವುದರಿಂದ ಎಷ್ಟೋ ಹಳೆಯ ಚೀಟಿಗಳಲ್ಲಿ ಎಲೆಗಳು ನೀಲಿಗೆ ತಿರುಗಿರುತ್ತವೆ. ಸಂತೆಯಲ್ಲಿ ಯಾರಾದರೂ ‘ಇನ್ನೂರು ವರ್ಷದ ಬಟ್ಟೆ’ ಎಂದು ಹಸಿಹಸಿರು ಎಲೆ ತೋರಿಸಿದರೆ ನಾನು ಚೌಕಾಸಿಗೇ ಇಳಿಯುವುದಿಲ್ಲ, ಮುಂದಿನ ಅಂಗಡಿಗೆ ಹೋಗುತ್ತೇನೆ. ಹೊರಡುವ ಮುನ್ನ ಬಟ್ಟೆಯನ್ನು ತಿರುಗಿಸಿ ನೋಡುವುದೂ ಉಂಟು. ಕಷಾಯದಲ್ಲಿ ಬೆಂದ ಕೆಂಪು ಬೆನ್ನಿಗೂ ಇಳಿದಿರುತ್ತದೆ. ಮೇಲೆ ಬಳಿದದ್ದು ಮುಖದಲ್ಲೇ ನಿಂತಿರುತ್ತದೆ.

ಬಲ್ಲವರು ಪೊವಿಸ್ ಡೇರೆಯ ಬಟ್ಟೆಗೆ ಕಟ್ಟಿರುವ ಕಾಲ 1725ರಿಂದ 1750. ಟಿಪ್ಪು ದೇವನಹಳ್ಳಿಯಲ್ಲಿ ಹುಟ್ಟಿದ್ದು ಆ ಕಾಲ ಮುಗಿಯುವ ಹೊತ್ತಿಗೆ. ಅಂದರೆ ಟಿಪ್ಪುವಿನ ಡೇರೆ ಟಿಪ್ಪುವಿಗಿಂತ ಹಿರಿಯದು. ಅವನೂ ಅದನ್ನು ಇನ್ನೊಬ್ಬರಿಂದ ಪಡೆದವನೇ. ಸೋಜಿಗ ಇನ್ನೊಂದಿದೆ. ಉಣ್ಣೆ, ರೇಷ್ಮೆಯ ಕಸುಬುದಾರರನ್ನು ಕಾಪಾಡಲೆಂದು ಬ್ರಿಟನ್ನಿನ ಸಂಸತ್ತು 1721ರಲ್ಲಿ ಹೂವಚ್ಚಿನ ಹತ್ತಿಬಟ್ಟೆಯನ್ನು ಉಡುವಂತಿಲ್ಲ, ಮನೆಯಲ್ಲಿ ಬಳಸುವಂತಿಲ್ಲ ಎಂದು ಕಾಯಿದೆ ಮಾಡಿತ್ತು. 1774ರವರೆಗೆ ಅದು ಜಾರಿಯಲ್ಲಿತ್ತು. ವೆಲ್ಷ್‌ಪೂಲ್ ಹಿಂದೆ ಉಣ್ಣೆಯ ಫ್ಲಾನೆಲ್ ಬಟ್ಟೆ ಮಾರುತ್ತಿದ್ದ ಊರು. ಈ ಡೇರೆಗೆ ಬಣ್ಣ ಕುದಿಯುತ್ತಿದ್ದ ಕಾಲದಲ್ಲಿ ಅಂಥ ಬಟ್ಟೆಯನ್ನು ಅಲ್ಲಿನ ಕಿಟಕಿಗೆ ಕಟ್ಟಿಕೊಳ್ಳುವುದೂ ಅಪರಾಧವಾಗಿತ್ತು.

ಇನ್ನು ಕೋಟೆಯ ವಿಷಯ. 1987ರಲ್ಲಿ ಅಲ್ಲಿ ತೆರೆದ ಸಂಗ್ರಹಾಲಯಕ್ಕೆ ಕ್ಲೈವ್ ಮ್ಯೂಸಿಯಂ ಎಂದೇ ಹೆಸರು. ಕೇಳಿದವರ ಮನಸ್ಸು ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಕಡೆಗೆ ಓಡುತ್ತದೆ. ಅವನು ಸತ್ತದ್ದು 1774ರಲ್ಲಿ, ಶ್ರೀರಂಗಪಟ್ಟಣ ಬೀಳುವುದಕ್ಕೆ 25 ವರ್ಷ ಮೊದಲು. ಗವರ್ನರ್ ಎಡ್ವರ್ಡ್ ಅವನ ಮಗ. ಕೋಟೆಯಂತೂ ಕ್ಲೈವರದಲ್ಲವೇ ಅಲ್ಲ. ಅದು ಎಡ್ವರ್ಡನ ಹೆಂಡತಿ ಹೆನ್ರಿಯೆಟಾಳ ತವರು. ಅವಳು ಹರ್ಬರ್ಟ್ ಮನೆತನದ ಹೆಣ್ಣುಮಗಳು, 1758ರಲ್ಲಿ ಹುಟ್ಟಿದವಳು. ಮದುವೆಯಾಗದೆ ಉಳಿದಿದ್ದ ಅಣ್ಣ 1801ರಲ್ಲಿ ತೀರಿಕೊಂಡ ಮೇಲೆ ಆಸ್ತಿ ಅವಳ ಮಗನಿಗೆ ಬಂತು. ಆ ಮಗ 1807ರಲ್ಲಿ ಕ್ಲೈವ್ ಎಂಬುದನ್ನು ಬಿಟ್ಟು ತಾಯಿಯ ಮನೆತನದ ಹೆಸರನ್ನೇ ಇಟ್ಟುಕೊಂಡ. ಮಗ ಬಿಟ್ಟ ಹೆಸರನ್ನು ಮ್ಯೂಸಿಯಂನವರು ಎತ್ತಿಕೊಂಡರು.

ನನಗೆ ಹತ್ತಿರದವಳೆನಿಸುವುದು ಈ ಹೆನ್ರಿಯೆಟಾ. 1798ರಲ್ಲಿ ಮದರಾಸಿಗೆ ಬಂದವಳು ಪಾರಸಿ ಕಲಿಯಲು ಕೂತಳು. 1800ರ ಮಾರ್ಚ್‌ನಲ್ಲಿ ಗಂಡನನ್ನು ಅಲ್ಲೇ ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನೂ ಅವರ ಪಾಠದ ಮೇಡಂ, ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿಯನ್ನೂ ಕರೆದುಕೊಂಡು ಹೊರಟಳು. ಬೆಂಗಳೂರು, ಶ್ರೀರಂಗಪಟ್ಟಣ ನೋಡಿ, ಕೊಯಮತ್ತೂರು, ತಿರುಚಿನಾಪಳ್ಳಿ, ತಂಜಾವೂರು ಸುತ್ತಿ ಮದರಾಸಿಗೆ ಮರಳಿದ್ದು ಅಕ್ಟೋಬರಿನಲ್ಲಿ. ಸಾವಿರ ಮೈಲಿಗೂ ಮೀರಿದ ದಾರಿ. ಹನ್ನೆರಡು ವರ್ಷದ ಕಿರಿ ಮಗಳು ಷಾರ್ಲೆಟ್ ದಿನಚರಿ ಬರೆದಳು. ತಾಯಿ ಗಿಡ, ಕಲ್ಲು ಕೂಡಿಟ್ಟಳು. ಗೆದ್ದವರ ಕಡೆಯವಳು ಸೋತವರ ನೆಲದಲ್ಲಿ ಆನೆ, ಆಳುಗಳೊಂದಿಗೆ ಓಡಾಡಿದ್ದು ಎಂಬುದನ್ನು ಮರೆಯುವಂತಿಲ್ಲ. ಆದರೂ ಲೂಟಿಯ ಚಿನ್ನಕ್ಕಷ್ಟೇ ಕಣ್ಣು ನೆಟ್ಟವರ ನಡುವೆ ದಾರಿಬದಿಯ ಕಲ್ಲಿಗೂ ಬಗ್ಗಿದವಳು ಅವಳು. ಅವಳ ಖನಿಜಗಳ ಸಂಗ್ರಹ ಈಗ ಕಾರ್ಡಿಫ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಷಾರ್ಲೆಟ್ ಮುಂದೆ ರಾಣಿಯಾಗಲಿದ್ದ ವಿಕ್ಟೋರಿಯಾಳಿಗೆ ಪಾಠದ ಮೇಲ್ವಿಚಾರಕಿಯಾದಳು. 1828ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಒಂದು ಹೂಗಿಡಕ್ಕೆ ಅವಳ ಹೆಸರಿಟ್ಟ. ಅಲ್ಲೂ ಬಂದದ್ದು ಅಪ್ಪನ ಮನೆತನದ ಹೆಸರೇ: ಕ್ಲೈವಿಯಾ.

ಹೆನ್ರಿಯೆಟಾ ಪ್ರವಾಸ ಹೊರಟ 1800ರಲ್ಲೇ ವೇಲ್ಸ್‌ನವನೊಬ್ಬ ಹತ್ತಿ ಗಿರಣಿಯೊಂದರ ಹೊಣೆ ಹೊತ್ತ. ವೆಲ್ಷ್‌ಪೂಲ್‌ಗೆ ಇಪ್ಪತ್ತು ಕಿಲೋಮೀಟರು ಆಚೀಚೆ ಇರುವ ನ್ಯೂಟೌನ್‌ನಲ್ಲಿ 1771ರಲ್ಲಿ ಹುಟ್ಟಿದ ರಾಬರ್ಟ್ ಓವೆನ್, ಕುದುರೆ ಜೀನು ಮಾಡುವವನ ಮಗ. ಹತ್ತರ ವಯಸ್ಸಿಗೇ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ಸ್ಕಾಟ್ಲೆಂಡಿನ ನ್ಯೂ ಲೆನಾರ್ಕ್ ನೂಲಿನ ಗಿರಣಿಯ ಆಡಳಿತ ವಹಿಸಿಕೊಂಡು, ಹತ್ತು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. 1816ರಲ್ಲಿ ಗಿರಣಿಯ ಊರಿನಲ್ಲೇ ಮಕ್ಕಳಿಗೆ ಶಾಲೆ ತೆರೆದ. ಒಳ್ಳೆಯವನು, ನಿಜ. ಆದರೆ ಅಂಥ ಗಿರಣಿಗಳ ನೂಲೇ ಮುಂದೆ ನಮ್ಮ ರಾಟೆ, ಮಗ್ಗ, ಬಣ್ಣದ ತೊಟ್ಟಿಗಳನ್ನು ಮೂಲೆಗೆ ಸೇರಿಸಿತು. ಹೆನ್ರಿಯೆಟಾ ಕೈಕಸುಬಿನ ಚೀಟಿಯ ಕೊನೆಗಾಲವನ್ನು ಕಂಡಳು, ಓವೆನ್ ಯಂತ್ರದ ನೂಲಿನ ಆರಂಭವನ್ನು. ಬ್ರಿಟನ್ನಿನಲ್ಲಿ ನಾಲ್ವರು ಜಾರ್ಜ್ ದೊರೆಗಳ ಕಾಲ ಮುಗಿದದ್ದು 1830ರ ಜೂನಿನಲ್ಲಿ. ಹೆನ್ರಿಯೆಟಾ ಕಣ್ಣು ಮುಚ್ಚಿದ್ದೂ ಅದೇ ತಿಂಗಳು.

ನಮ್ಮ ಭಾಷೆಯಲ್ಲಿ ಚೀಟಿ ಎಂದರೆ ಹೂವಿನ ಬಟ್ಟೆಯೂ ಹೌದು, ಹೆಸರು ಬರೆದು ಅಂಟಿಸುವ ಕಾಗದವೂ ಹೌದು. ಪೊವಿಸ್‌ನಲ್ಲಿ ಬಟ್ಟೆಯ ಚೀಟಿಯ ಮೇಲೆ ಕಾಗದದ ಚೀಟಿ ಕೂತಿದೆ: ಒಂದು ಕಡೆ ಟಿಪ್ಪು, ಇನ್ನೊಂದು ಕಡೆ ಕ್ಲೈವ್. ಕಡೆಗೆ ಇಟ್ಟುಕೊಂಡವರ ಹೆಸರು ಉಳಿಯುತ್ತದೆ, ಅಷ್ಟೆ. ಬಣ್ಣ ಕುದಿಸಿದವನು ಅಂಗಡಿಯ ಹುಡುಗನಂತೆ ಅಂಚಿನಲ್ಲಿ ಹೆಸರು ಬರೆಯಲಿಲ್ಲ. ಆದರೆ ಹಳೆ ಚೀಟಿಯನ್ನು ಬೆಳಕಿಗೆ ಹಿಡಿದು ಸಾವಕಾಶವಾಗಿ ನೋಡಿ. ಎಲ್ಲೋ ಒಂದು ಕಡೆ ಅಚ್ಚು ಕೂದಲೆಳೆಯಷ್ಟು ಸರಿದಿರುತ್ತದೆ, ಕೆಂಪು ಗೆರೆ ದಾಟಿ ಹೊರಗೆ ಇಣುಕಿರುತ್ತದೆ. ಕೈ ಸೋತದ್ದೋ, ಯಾರೋ ಕರೆದರೆಂದು ತಿರುಗಿ ನೋಡಿದ್ದೋ. ಅಜ್ಜಿಯ ರವಿಕೆಯಲ್ಲಿ ಅಂಥ ಹೂವೊಂದು ಎಡತೋಳಿನ ಹತ್ತಿರ ಇದೆ. ಆ ಬಟ್ಟೆಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.