ಖಣದ ಚೀಲದ ಒಳಮಗ್ಗುಲು

ಕುಬಸಕ್ಕೆ (ರವಿಕೆಗೆ) ಬಳಸುವ ಗುಳೇದಗುಡ್ಡದ ಖಣ ಈಗ ಮೈಮೇಲಿಗಿಂತ ಹೆಗಲ ಮೇಲೆ, ಕೈಯಲ್ಲಿ, ಬಾಗಿಲ ಚೌಕಟ್ಟಿನ ಮೇಲೆ ಹೆಚ್ಚು ಕಣ್ಣಿಗೆ ಬೀಳುತ್ತದೆ. ಚೀಲ, ಪರ್ಸು, ಮೊಬೈಲ್ ಪೌಚು, ತೋರಣ, ಕಿವಿಯೋಲೆ, ಡೈರಿಯ ರಟ್ಟು, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು, ಹೀಗೆ ಎಲ್ಲದಕ್ಕೂ ಖಣ. ಇವನ್ನು ಹೊಲಿಯುವವರಲ್ಲಿ ಅನೇಕರು ಮನೆಯ ಒಂದು ಮೂಲೆಯಲ್ಲಿ ಮಷೀನು ಇಟ್ಟುಕೊಂಡ ಹೆಂಗಸರು. ಅವರ ಕೆಲಸವನ್ನು ಹೊಗಳುವವರು ಮೊದಲು ಆಡುವ ಮಾತು ‘ಕೈಯಿಂದ ಮಾಡಿದ್ದು’. ವಿಮರ್ಶೆಗೆ ಅದು ಅಷ್ಟಾಗಿ ಒದಗುವ ಮಾತಲ್ಲ. ಬಟ್ಟೆ ಕೈಮಗ್ಗದ್ದೋ ಪವರ್‌ಲೂಮಿನದ್ದೋ ಹಲವು ಸಲ ಹೊಲಿದವರಿಗೇ ಗೊತ್ತಿರುವುದಿಲ್ಲ, ಹೊಲಿಗೆಯಂತೂ ಯಂತ್ರದ್ದೇ. ಕನ್ನಡದಲ್ಲಿ ಇದಕ್ಕಿಂತ ಖಡಕ್ಕಾದ ಇನ್ನೊಂದು ಮಾತಿದೆ: ‘ಹೇಳಿ ಮಾಡಿಸಿದ್ದು’. ಮನೆಯಲ್ಲಿ ಹೊಲಿಯುವವರ ನಿಜವಾದ ಹೆಚ್ಚುಗಾರಿಕೆ ಇರುವುದು ಅಲ್ಲಿ. ಆ ಅಳತೆಗೋಲು ಹಿಡಿದರೆ ಖಣದ ಕುಬಸದ ಮುಂದೆ ಖಣದ ಚೀಲ ಸೋಲುತ್ತದೆ, ಅದೂ ಎರಡನ್ನೂ ಒಬ್ಬರೇ ಹೊಲಿದಿರುವಾಗ.

ಖಣವೆಂಬುದೇ ಅರ್ಧ ವಸ್ತು. ಒಂದು ಕುಬಸಕ್ಕೆ ಸಾಲುವಷ್ಟು ಬಟ್ಟೆ, ಎರಡೂ ಬದಿಗೆ ಅಂಚು, ತ್ರಿಕೋನವಾಗಿ ಮಡಿಸಿಟ್ಟ ರೂಪ. ಉಡಿ ತುಂಬುವಾಗ ಅಕ್ಕಿ, ಕಾಯಿಯ ಜೊತೆ ಅದು ಹಾಗೆಯೇ ಸೆರಗಿಗೆ ಬೀಳುತ್ತದೆ. ಉತ್ತರ ಕರ್ನಾಟಕದಲ್ಲಿ ಸೀಮಂತಕ್ಕೇ ಕುಬಸವೆಂಬ ಹೆಸರಿದೆ. ಹೀಗೆ ಕೈಗೆ ಬಂದ ಖಣ ಯಾರದೋ ಒಂದು ಮೈಯ ಅಳತೆ ಸಿಕ್ಕಿದ ಮೇಲೆಯೇ ಉಡುಪಾಗುವುದು. ಆ ಕೊನೆಯ ಅರ್ಧವನ್ನು ಪೂರೈಸುತ್ತಿದ್ದ ಊರಿನ ದರ್ಜಿ, ಪಕ್ಕದ ಮನೆಯ ಹೊಲಿಗೆಯಾಕೆ ಬಟ್ಟೆಯ ಗುಣವನ್ನು ಚೆನ್ನಾಗಿ ಬಲ್ಲವರು. ಅಂಚು ಸರಿಯಾಗಿ ತೋಳಿನ ತುದಿಗೆ ಬರುವಂತೆ ಕತ್ತರಿ ಆಡಿಸುತ್ತಾರೆ. ಕುಬಸದ ಪಕ್ಕದ ಹೊಲಿಗೆಯನ್ನು ಒಳಗಿನಿಂದ ನೋಡಿದರೆ ಇಂಚಿನಷ್ಟು ಬಟ್ಟೆ ಮಡಿಸಿಟ್ಟಿರುತ್ತದೆ, ಅದರ ಮೇಲೆ ಒಂದರ ಪಕ್ಕ ಒಂದರಂತೆ ಎರಡು-ಮೂರು ಸಾಲು ಹೊಲಿಗೆ. ತೊಟ್ಟವಳು ಮೈ ತುಂಬಿಕೊಂಡರೆ ಒಳಗಿನ ಒಂದು ಸಾಲು ಬಿಚ್ಚಿದರಾಯಿತು. ಇನ್ನು ಐದು ವರ್ಷದ ನಂತರ ಈ ಮೈ ಹೇಗಿರಬಹುದು ಎಂಬ ಅಂದಾಜು ಕೂಡ ಆ ಹೊಲಿಗೆಯಲ್ಲಿ ಸೇರಿಕೊಂಡಿದೆ. ಮನೆಹೊಲಿಗೆಯ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಕೈ ಚೀಲಕ್ಕೆ ಬಂದಾಗ ಈ ತಿಳಿವಳಿಕೆ ಎಲ್ಲಿಗೆ ಹೋಗುತ್ತದೋ. ಖಣದಲ್ಲಿ ಚಿತ್ತಾರ ಮೂಡುವುದು ಹಾಸಿನ (ಉದ್ದೆಳೆಯ) ಜೊತೆ ಸೇರಿಸಿದ ಹೆಚ್ಚಿನ ಎಳೆಗಳಿಂದ. ಮೇಲೆ ಕಾಣಿಸದ ಕಡೆ ಆ ಎಳೆಗಳು ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ಹಾಯ್ದಿರುತ್ತವೆ. ಕುಬಸಕ್ಕೆ ಅಸ್ತರು ಹಾಕುವವರು ಚೀಲಕ್ಕೆ ಹಾಕದಿದ್ದರೆ ಬೀಗದ ಕೈಗೊಂಚಲು, ಉಂಗುರ, ಬಳೆ ಅದಕ್ಕೆ ಸಿಕ್ಕಿ ಎಳೆ ಎದ್ದು ಬರುತ್ತದೆ, ಒಳಗೆ ಎದ್ದ ಎಳೆ ಹೊರಗಿನ ಚಿತ್ತಾರವನ್ನೂ ಕೆಡಿಸುತ್ತದೆ. ಅಸ್ತರಿನ ಬದಲು ಫೋಮ್ ಹಾಳೆಯನ್ನು ಗೋಂದಿನಿಂದ ಅಂಟಿಸಿದ ಚೀಲಗಳಿವೆ. ಒಮ್ಮೆ ನೀರಿಗೆ ಹಾಕಿದರೆ ಗುಳ್ಳೆ ಏಳುವುದು ಖಂಡಿತ. ಇನ್ನೊಂದು ತಪ್ಪು ದೂರದಿಂದಲೇ ಕಾಣುತ್ತದೆ. ಬಟ್ಟೆಯ ಒಂದೇ ಉದ್ದ ತುಂಡನ್ನು ತಳದಲ್ಲಿ ಮಡಿಸಿ ಎರಡು ಪಕ್ಕ ಹೊಲಿದುಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ತೇರಿನಂಥ ದಿಕ್ಕುಳ್ಳ ವಿನ್ಯಾಸವಿದ್ದರೆ ಚೀಲದ ಒಂದು ಬದಿಯಲ್ಲಿ ಕಳಸ ಮೇಲಕ್ಕೆ, ಇನ್ನೊಂದು ಬದಿಯಲ್ಲಿ ಕೆಳಕ್ಕೆ. ತಳದಲ್ಲಿ ಒಂದು ಜೋಡು ಕೊಟ್ಟಿದ್ದರೆ ಸರಿಹೋಗುತ್ತಿತ್ತು. ಕುಬಸದ ಬೆನ್ನಿನಲ್ಲಿ ತೇರು ತಲೆಕೆಳಗಾದರೆ ಯಾವ ಗಿರಾಕಿಯೂ ಸುಮ್ಮನೆ ಒಯ್ಯುವುದಿಲ್ಲ. ಇನ್ನು ಹಿಡಿ. ಭಾರವೆಲ್ಲ ಬೀಳುವ ಜಾಗ ಅದು. ಅಲ್ಲಿ ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಬೇಕು, ಕೆಳಗೆ ಒಂದು ತುಂಡು ಕ್ಯಾನ್ವಾಸ್ ಕೊಡಬೇಕು. ಒಂದೇ ಗೆರೆ ಹೊಲಿದು, ಅದರ ಮೇಲೊಂದು ಚೆಂದದ ಗುಂಡಿ ಕೂರಿಸಿ ಮುಚ್ಚಿದ ಚೀಲಗಳೇ ಹೆಚ್ಚು.

ಈ ಒಳಮಗ್ಗುಲಿನ ಲೆಕ್ಕವನ್ನು ಹೊರಗಿನಿಂದ ತಂದು ಹೇರಿದ್ದಲ್ಲ. ಖಣದ ಚೀಲದ ಮೇಲೆಯೇ ಅನೇಕರು ಅಲಂಕಾರಕ್ಕೆಂದು ಹಾಕುವ ಕಸೂತಿಯ ಕಟ್ಟುನಿಟ್ಟು ಇದೇ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ, ಎಳೆ ಎಣಿಸಿ ಹೋದ ದಾರಿಯಲ್ಲೇ ತಿರುಗಿ ಬರಬೇಕು. ಹಿಂಬದಿ ತಿರುವಿ ನೋಡಿಯೇ ಅಲ್ಲಿ ಕೈಗುಣ ತೂಗುವುದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನೂ ಇಲ್ಲಿ ನೆನೆಯಬಹುದು. ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ, ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು, ನಾಲ್ಕು ಮೂಲೆಗೂ ಪುಟ್ಟ ಬಟ್ಟೆಯ ಹೂವಿಟ್ಟರೇನೇ ಅದು ಪೂರ್ತಿಯಾದಂತೆ. ತುಂಡು ಬಟ್ಟೆಯ ಕೆಲಸವೆಂದು ಅಲ್ಲಿ ಯಾರೂ ರಿಯಾಯಿತಿ ಕೇಳುವುದಿಲ್ಲ. (ಉಳಿದ ಚಿಂದಿಯನ್ನು ಬಳಸುತ್ತೇವೆ ಎಂದು ಹೇಳಿಕೊಂಡು ಹೊಸ ಖಣವನ್ನೇ ಕತ್ತರಿಸಿ ಕೂದಲ ಬ್ಯಾಂಡು ಮಾಡುವವರು ಇದನ್ನು ಗಮನಿಸಬೇಕು.)

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಖಣದ ಕುಬಸ ತೊಡುವವರು ಕಡಿಮೆಯಾದ ಕಾಲದಲ್ಲಿ ಚೀಲ, ಪರ್ಸುಗಳಿಂದಾದರೂ ನೇಕಾರನ ಬಟ್ಟೆ ಖರ್ಚಾಗುತ್ತಿದೆ, ಅದರಲ್ಲಿ ಕೊಂಕು ಹುಡುಕುವುದೇಕೆ? ಬಟ್ಟೆಗೆ ಹೊಸ ಉಪಯೋಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಪಾಲಿಯೆಸ್ಟರ್ ಬೆರೆತ ಪವರ್‌ಲೂಮ್ ಖಣ ಪೇಟೆಯಲ್ಲಿ ಧಾರಾಳವಾಗಿದೆ, ಅದರ ಚೀಲ ಕೊಂಡರೆ ಗುಳೇದಗುಡ್ಡದ ಕುಣಿಮಗ್ಗಕ್ಕೆ ಚಿಕ್ಕಾಸೂ ತಲುಪದು. ನೇಕಾರನ ಹೆಸರು ಹೇಳಿ ಮಾರುವವರು ಬಟ್ಟೆ ಯಾವ ಮಗ್ಗದ್ದೆಂದು ಒಂದು ಸಾಲು ಬರೆದು ಕೊಟ್ಟರೆ ಈ ವಾದಕ್ಕೆ ಬಲ ಬಂದೀತು. ಎರಡನೆಯ ಆಕ್ಷೇಪ ದುಡ್ಡಿನದು: ಒಲೆ, ಮಕ್ಕಳು, ಶಾಲೆಯ ನಡುವೆ ಹೊಲಿಯುವವರು ಒಂದೊಂದು ಚೀಲಕ್ಕೂ ಅಳತೆ ಕೇಳುತ್ತ ಕೂತರೆ ಕೂಲಿ ಗಿಟ್ಟುವುದೇ? ಇಪ್ಪತ್ತು ಚೀಲ ಒಟ್ಟಿಗೆ ಕತ್ತರಿಸುವುದರಲ್ಲಿ ತಪ್ಪೇನಿಲ್ಲ. ಹಿಡಿಯ ಉದ್ದ, ಒಳಜೇಬಿನ ಗಾತ್ರ, ಇವೆರಡನ್ನು ಮಾತ್ರ ಗಿರಾಕಿಯನ್ನು ಕೇಳಿ ಕೊನೆಗೆ ಹೊಲಿಯಬಹುದು. ಅಷ್ಟಕ್ಕೇ ಚೀಲ ಹೇಳಿ ಮಾಡಿಸಿದ್ದಾಗುತ್ತದೆ. ಹಾಗೆ ಮಾಡದೆ ಕಾರ್ಖಾನೆಯಂತೆ ಒಂದೇ ಅಳತೆಯ ಸರಕು ಹೊಲಿದರೆ ಪೈಪೋಟಿ ನಿಜವಾದ ಕಾರ್ಖಾನೆಯ ಜೊತೆಗೇ, ಅಲ್ಲಿ ಬೆಲೆಯಲ್ಲಿ ಗೆಲ್ಲುವ ಮಾತೇ ಇಲ್ಲ. ಅಳತೆಗೆ ತಕ್ಕಂತೆ ಹೊಲಿಯುವುದು ಅವರಿಗೆ ಹೊಸದೂ ಅಲ್ಲ: 2020ರ ಕೊರೊನಾ ಕಾಲದಲ್ಲಿ ಮಾಸ್ಕು ಹೊಲಿದಾಗ ಮಕ್ಕಳದು, ದೊಡ್ಡವರದು, ಕಿವಿಗೆ ಹಾಕುವುದು, ತಲೆಯ ಹಿಂದೆ ಕಟ್ಟುವುದು ಎಂದು ಬೇರೆಬೇರೆಯಾಗಿ ಹೊಲಿದುಕೊಟ್ಟದ್ದು ಇವೇ ಮನೆಗಳು.

ಸಣ್ಣ ಕಸುಬನ್ನು ಇಷ್ಟು ಜಗ್ಗಾಡಿ ನೋಡುವುದು ನಿರ್ದಯವೆನ್ನುವವರೂ ಉಂಟು. ಆದರೆ ಕುಬಸ ಕಂಕುಳಲ್ಲಿ ಅರ್ಧ ಇಂಚು ಬಿಗಿಯಾದರೆ ಅದೇ ದಿನ ಹಿಂದಕ್ಕೆ ತಂದು ಬಿಚ್ಚಿಸುವ ಗಿರಾಕಿ ಚೀಲದ ಹಿಡಿ ಕಿತ್ತುಬಂದಾಗ ಸುಮ್ಮನಿದ್ದು, ಮುಂದೆ ಅಂಗಡಿಯ ರೆಕ್ಸಿನ್ ಚೀಲ ಕೊಳ್ಳುತ್ತಾಳೆ. ಆ ಮೌನದಿಂದ ಹೊಲಿದವಳಿಗೆ ಆಗುವ ನಷ್ಟ ಬೈಗುಳಕ್ಕಿಂತ ದೊಡ್ಡದು. ಕುಬಸದ ಹೊಲಿಗೆ ಇವತ್ತಿಗೂ ಚೊಕ್ಕವಾಗಿ ಉಳಿದಿರುವುದು ತಕರಾರು ಮಾಡುವ ಗಿರಾಕಿಯಿಂದಲೇ. ಹಾಗಾಗಿ ಮುಂದಿನ ಸಲ ಖಣದ ಚೀಲಕ್ಕೆ ಹೇಳುವಾಗ ಬಣ್ಣದ ಜೊತೆಗೆ ಹೆಗಲಿಂದ ಸೊಂಟದವರೆಗಿನ ಅಳತೆಯನ್ನೂ ಕೊಡಿ. ಚೀಲ ಕೈಗೆ ಬಂದಾಗ ಒಳಗನ್ನು ಹೊರಗೆ ತಿರುವಿ ನೋಡಿ. ಅಸ್ತರಿಗೆ ಬೇರೆ ದುಡ್ಡು ಕೇಳಿದರೆ ಚೌಕಾಸಿ ಮಾಡಬೇಡಿ.