ಬೊರೊಡಿನೊ: ಆಕಾರದ ತಪ್ಪಾ, ಭಾರದ ತಪ್ಪಾ?

ರಷ್ಯಾದ ಹಳೆಯ ಯುದ್ಧನೌಕೆಗಳ ಬಗ್ಗೆ ಏನೇ ಓದಿದರೂ ಒಂದೇ ಪಲ್ಲವಿ: ಫ್ರೆಂಚರ ಡಿಸೈನ್ ಕಾಪಿ ಹೊಡೆದರು, ಅದಕ್ಕೇ ಮುಳುಗಿದರು. ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ.

ವಿಷಯ ಬೊರೊಡಿನೊ ವರ್ಗದ ಐದು ನೌಕೆಗಳದ್ದು. ಇವಕ್ಕೆ ಮಾದರಿ ಫ್ರಾನ್ಸಿನಲ್ಲಿ ಕಟ್ಟಿಸಿದ 'ತ್ಸೆಸಾರೆವಿಚ್'. ಅದರ ಮೈ ನೀರಿನ ಮಟ್ಟದಲ್ಲಿ ಅಗಲ, ಮೇಲೆ ಹೋದಂತೆ ಒಳಕ್ಕೆ ಬಾಗಿದ್ದು, ಬಿಂದಿಗೆಯ ಭುಜದ ಹಾಗೆ. ಇಂಥ ಹಡಗು ಜಾಸ್ತಿ ವಾಲಿತು ಅಂದ್ರೆ ಮತ್ತೆ ನೆಟ್ಟಗಾಗೋದು ಕಷ್ಟ. ದೋಷ ನಿಜವೇ. ಆದರೆ ಅದೇ ತ್ಸೆಸಾರೆವಿಚ್ 1904ರ ಆಗಸ್ಟ್‌ನಲ್ಲಿ, ಹಳದಿ ಸಮುದ್ರದ ಕದನದಲ್ಲಿ ಜಪಾನಿಯರ 12 ಇಂಚಿನ ಗುಂಡುಗಳನ್ನು ತಿಂದು, ಅಡ್ಮಿರಲ್‌ನನ್ನೇ ಕಳೆದುಕೊಂಡು, ಆದರೂ ತೇಲುತ್ತಾ ಚಿಂಗ್‌ಡಾವ್ ಬಂದರು ಸೇರಿತಲ್ಲ! ಬರೀ ಆಕಾರವೇ ಕಾರಣ ಆಗಿದ್ರೆ ಅದೂ ಮಗುಚಬೇಕಿತ್ತು.

ನನ್ನ ಪ್ರಕಾರ ಕೊಂದಿದ್ದು ಭಾರ. ರಷ್ಯಾದ ಯಾರ್ಡ್‌ಗಳಲ್ಲಿ ಕಟ್ಟುವಾಗಲೇ ತೂಕ ಲೆಕ್ಕ ಮೀರಿತ್ತು. ('ಇದೊಂದು ಸೇರಿಸಿಬಿಡಿ' ಅನ್ನೋ ಮಾತಿನ ಪರಿಣಾಮ ಸಾಫ್ಟ್‌ವೇರ್ ಮಂದಿಗೆ ವಿವರಿಸಬೇಕಿಲ್ಲ.) 75 ಎಂಎಂ ಫಿರಂಗಿಗಳಲ್ಲಿ ಹಲವು ನೀರಿಗೆ ತೀರಾ ಹತ್ತಿರ, ಅಲೆ ಎದ್ದರೆ ಅವುಗಳ ಕಿಂಡಿ ತೆರೆಯೋ ಹಾಗಿಲ್ಲ. ಪರೀಕ್ಷಾ ಸಂಚಾರದಲ್ಲೇ 'ಮೂರನೇ ಅಲೆಕ್ಸಾಂಡರ್' ತಿರುವು ತೆಗೆದುಕೊಳ್ಳುವಾಗ ವಾಲಿ ಆ ಕಿಂಡಿಗಳಿಂದ ನೀರು ಕುಡಿದಿತ್ತು. ಎಚ್ಚರಿಕೆ ಅಂದ್ರೆ ಇನ್ನೇನು ಬೇಕು?

ಇಂಥ ಹಡಗುಗಳನ್ನು 1904ರ ಅಕ್ಟೋಬರ್‌ನಲ್ಲಿ ಬಾಲ್ಟಿಕ್‌ನಿಂದ ಸುಮಾರು 18,000 ನಾಟಿಕಲ್ ಮೈಲಿ ಓಡಿಸಿದರು. ದಾರಿಯಲ್ಲಿ ಸ್ವಂತದ್ದೊಂದು ಬಂದರಿಲ್ಲ. ಹಾಗಾಗಿ ಡೆಕ್ ಮೇಲೂ ಕಲ್ಲಿದ್ದಲು, ಕ್ಯಾಬಿನ್ನಿನಲ್ಲೂ ಕಲ್ಲಿದ್ದಲು. ಹಡಗು ಕೆಳಗಿಳಿದಷ್ಟೂ ಪಕ್ಕದ ದಪ್ಪ ಉಕ್ಕಿನ ಪಟ್ಟಿ ನೀರೊಳಗೆ ಹೋಯ್ತು. ಗುಂಡು ಬೀಳುವ ಜಾಗಕ್ಕೆ ಉಳಿದದ್ದು ತೆಳು ಕವಚ. 'ಓರ್ಯೋಲ್'ನಲ್ಲಿದ್ದ ಎಂಜಿನಿಯರ್ ಕೊಸ್ತೆಂಕೊ ಸ್ಥಿರತೆ ಬಗ್ಗೆ ಎಚ್ಚರಿಸಿದರೂ ಕದನದ ದಿನ ಹೊರೆ ಪೂರ್ತಿ ಇಳಿದಿರಲಿಲ್ಲ.

1905ರ ಮೇ 27, ತ್ಸುಶಿಮಾ. ಸುವೊರೊವ್, ಅಲೆಕ್ಸಾಂಡರ್, ಬೊರೊಡಿನೊ ಮೂರೂ ಒಂದೇ ದಿನ ಮುಳುಗಿದವು. ಅಲೆಕ್ಸಾಂಡರ್ ಜೊತೆ ಹೋದ ಎಂಟುನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬನೂ ಉಳಿಯಲಿಲ್ಲ. ಬೊರೊಡಿನೊದಲ್ಲಿ ಬದುಕಿದವನು ಒಬ್ಬನೇ. ಐದನೆಯದಾದ 'ಸ್ಲಾವಾ' ಬಚಾವಾದದ್ದು ಹೊರಡೋ ಹೊತ್ತಿಗೆ ಕೆಲಸ ಮುಗಿದಿರಲಿಲ್ಲ ಅಂತ.

ಮರುದಿನ ಶರಣಾದ ಓರ್ಯೋಲ್‌ಗೆ ಜಪಾನಿಯರು 'ಇವಾಮಿ' ಅಂತ ಹೆಸರಿಟ್ಟರು. ಮೊದಲು ಮಾಡಿದ ಕೆಲಸ ಏನು ಗೊತ್ತಾ? ಮೇಲಿನ ಕಟ್ಟಡವನ್ನು ಕತ್ತರಿಸಿ ಭಾರ ಇಳಿಸಿದ್ದು. ಆದರೆ ಆ ಕೆಲಸ ಮುಗಿಯೋ ಹೊತ್ತಿಗೆ ಬ್ರಿಟನ್ನಿನ 'ಡ್ರೆಡ್‌ನಾಟ್' ಹತ್ತು 12 ಇಂಚಿನ ಫಿರಂಗಿ ಹೊತ್ತು ಸಮುದ್ರಕ್ಕಿಳಿದಾಗಿತ್ತು. ಇವಾಮಿಯ ಹತ್ತಿರ ಇದ್ದದ್ದು ನಾಲ್ಕು.